ಮಾವನ ಜೊತೆ ಗಾಳ ಹಾಕಿದ ದಿನಗಳು

ನೀರು ಕಂಡರೆ ನನಗೊಂದು ಚಾಳಿಯಿದೆ. ಹೊಳೆಯೇ ಆಗಬೇಕೆಂದಿಲ್ಲ, ಹರಿಯುವ ನೀರಾದರೆ ಸಾಕು. ಮಳೆ ಬಂದು ರಾಜಧಾನಿಯ ರೋಹಿಣಿ ಬಡಾವಣೆಯ ನಮ್ಮ ಗಲ್ಲಿ ತುಂಬಿದಾಗ ಯಾರೋ ಕಾಲಿಡಲೆಂದು ಹಾಕಿದ ಇಟ್ಟಿಗೆಗೆ ನೀರು ಬಡಿದು, ಎರಡಾಗಿ ಸೀಳಿ, ಮುಂದೆ ಹೋಗಿ ಮತ್ತೆ ಕೂಡಿಕೊಳ್ಳುತ್ತದಲ್ಲ, ಆ ಇಟ್ಟಿಗೆಯ ಮರೆಯಲ್ಲಿ ಗೇಣುದ್ದ ನೀರು ಸುಮ್ಮನೆ ನಿಂತಿರುತ್ತದೆ. ನಾನು ಅದನ್ನೇ ನೋಡುತ್ತ ನಿಂತುಬಿಡುತ್ತೇನೆ. ಮೀನಿದ್ದರೆ ಅಲ್ಲೇ ಇರಬೇಕು. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಇನ್ನೊಂದರಲ್ಲಿ ಕೊತ್ತಂಬರಿ. ಹಿಂದಿನಿಂದ ಸೈಕಲ್ ರಿಕ್ಷಾದವನು ಗಂಟೆ ಬಾರಿಸುತ್ತಾನೆ. ನನ್ನ ಗಂಡ ಬೋಪು ಮೊಣಕೈ ಹಿಡಿದು ಎಳೆಯುತ್ತಾನೆ: "ಅಲ್ಲಿ ಮೀನಿಲ್ಲ ಸುಮಾ, ಚಲೋ."

ಇದನ್ನು ಓದಿ ನಾನೊಬ್ಬಳು ಮೀನುಪ್ರಿಯೆ ಎಂದುಕೊಳ್ಳಬೇಡಿ. ನಾನು ಮೊಟ್ಟೆಯನ್ನೂ ತಿನ್ನುವವಳಲ್ಲ. ಹುಟ್ಟಿ ಬೆಳೆದದ್ದು ಗದಗಿನಲ್ಲಿ. ನಮ್ಮಲ್ಲಿ ನೀರು ಎಂದರೆ ನಳದಲ್ಲಿ ಬರುವುದು, ಅದೂ ತನಗೆ ಮನಸ್ಸಾದಾಗ ಬರುವುದು. ಬಂತೆಂದು ಒಬ್ಬರು ಕೂಗಿದರೆ ಇಡೀ ಓಣಿ ಕೊಡ ಹಿಡಿದು ಓಡುತ್ತಿತ್ತು. ಆಗ ಹರಿಯುವ ನೀರನ್ನು ನೋಡುತ್ತ ನಿಂತವರಿಗೆ ಅವ್ವನಿಂದ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಮೀನನ್ನು ನಾನು ಕಂಡದ್ದು ಗುಡಿಯ ಹೊಂಡದಲ್ಲಿ ಮಾತ್ರ. ಚುರುಮುರಿ ಎರಚಿದರೆ ಅವು ದುಂಡಗೆ ಬಾಯಿ ತೆರೆದು ಮೇಲೆ ಬರುತ್ತಿದ್ದವು. ನಾವು ಮಕ್ಕಳು ಕೈಮುಗಿದು, ಅವುಗಳಿಗೆ ಕಾಣದ ಹಾಗೆ ಒಂದಿಷ್ಟು ಚುರುಮುರಿ ನಮ್ಮ ಬಾಯಿಗೂ ಹಾಕಿಕೊಳ್ಳುತ್ತಿದ್ದೆವು. ಮೀನಿಗೂ ನನಗೂ ಇದ್ದ ಸಂಬಂಧ ಅಷ್ಟೇ.

ಬೋಪು ನನಗೆ ಸಿಕ್ಕಿದ್ದು ಗುರ್‌ಗಾಂವಿನ ಆಫೀಸಿನಲ್ಲಿ. ಹೆಸರು ಬೋಪಣ್ಣ ಎಂದು ಕೇಳಿ, ಕನ್ನಡದವನು ಸಿಕ್ಕಿದ ಎಂದು ಹಿಗ್ಗಿ ಮಾತಾಡಿಸಿದರೆ ಅವನು ಹಿಂದಿಯಲ್ಲಿ ಉತ್ತರ ಕೊಟ್ಟ. ಅಪ್ಪ ಸೈನ್ಯದಲ್ಲಿದ್ದದ್ದರಿಂದ ಕಂಟೋನ್ಮೆಂಟಿನಿಂದ ಕಂಟೋನ್ಮೆಂಟಿಗೆ, ಆಮೇಲೆ ಏಳನೆಯ ವಯಸ್ಸಿಗೇ ಹಾಸ್ಟೆಲ್ಲಿಗೆ ಹೋದ ಕೊಡಗಿನ ಹುಡುಗ. ಅವನ ಕನ್ನಡವೆಲ್ಲ ಆಮೇಲೆ ನನ್ನಿಂದ ಕಲಿತದ್ದು. ಹಾಗಾಗಿಯೇ ಅವನು ಇವತ್ತಿಗೂ ಸಿಟ್ಟು ಬಂದಾಗ ಅಪ್ಪಟ ಗದಗಿನವನಂತೆ ಮಾತಾಡುತ್ತಾನೆ. ಮದುವೆಯ ಮಾತು ಎತ್ತಿದಾಗ ಅವ್ವ ಫೋನಿನಲ್ಲೇ, "ಹಂದಿ ತಿನ್ನೋ ಮಂದಿ ಮನಿಗೆ ಹ್ಯಾಂಗ ಹೋಗ್ತೀಯವಾ?" ಎಂದಿದ್ದಳು. "ನಡಕೊಂಡು" ಎಂದೆ. ಆಗ ನನಗೆ ಎಲ್ಲವೂ ತಮಾಷೆಯಾಗಿ ಕಾಣುತ್ತಿತ್ತು.

ರೋಹಿಣಿಯ ಆ ಫ್ಲಾಟಿನಲ್ಲಿ ನಾವು ಮೂವರು. ಅತ್ತೆ ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಮಾವ ಸುಬೇದಾರ್ ಕುಟ್ಟಪ್ಪ, ನಿವೃತ್ತರು. ಎತ್ತರದ ಆಳು, ಬಿಳಿ ಮೀಸೆ, ಹಾಲು ತರಲು ಹೋಗುವಾಗಲೂ ಪಾಲಿಶ್ ಮಾಡಿದ ಬೂಟು. ನಾನು ಮನೆಗೆ ಬಂದ ಮೊದಲ ದಿನ ರಾತ್ರಿಯೂಟಕ್ಕೆ ಕೂತಾಗ ಅವರು ಮಗನ ಜೊತೆ ಕೊಡವ ಭಾಷೆಯಲ್ಲಿ ಏನೋ ಹೇಳಿದರು. ಮಗ ಹಿಂದಿಯಲ್ಲಿ ಉತ್ತರಿಸಿದ. ಅವರಿಬ್ಬರ ಸಂಸಾರ ಅದುವರೆಗೂ ನಡೆದದ್ದೇ ಹಾಗಂತೆ, ಒಬ್ಬರು ಒಂದರಲ್ಲಿ ಕೇಳುವುದು, ಇನ್ನೊಬ್ಬರು ಅರ್ಧ ಊಹಿಸಿ ಮತ್ತೊಂದರಲ್ಲಿ ಹೇಳುವುದು. ನಾನು ತಟ್ಟೆ ನೋಡುತ್ತ ಕೂತಿದ್ದೆ. ಮಾವ ಚಮಚ ಕೆಳಗಿಟ್ಟರು.

"ಈ ಹುಡುಗಿ ಅರ್ಥವಾಗದ ಮಾತಿನ ನಡುವೆ ಕೂತು ಊಟ ಮಾಡೋದು ಸರಿಯಲ್ಲ. ಇವತ್ತಿನಿಂದ ಮನೆಯಲ್ಲಿ ಕನ್ನಡ."

ಸೈನ್ಯದವರ ಮನೆಯಲ್ಲಿ ಆಜ್ಞೆಯೆಂದರೆ ಆಜ್ಞೆ. ಅವತ್ತಿನಿಂದ ಆ ಮನೆಯಲ್ಲಿ ಕೊಡವ ಮಾತು ನಿಂತಿತು. ಹೊಸ ಸೊಸೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರು ಕೊಡುತ್ತಾರೆ ಎಂದು ನಾನು ಅವ್ವನಿಗೆ ಫೋನು ಮಾಡಿ ಹೇಳಿಕೊಂಡೆ. ಮಾವನ ಕನ್ನಡ ಶಾಲೆಯ ಪುಸ್ತಕದ ಹಾಗೆ ನೇರವಾಗಿತ್ತು, ನಡುನಡುವೆ ಪಲ್ಟನ್ನಿನ ಹಿಂದಿ. ನಾನು "ಮಾವಾರ, ಚಾ ತರ್ಲ್ಯಾ?" ಎಂದರೆ ಅವರು ಒಂದು ಕ್ಷಣ ಯೋಚಿಸಿ, ಮೀಸೆಯೊಳಗೆ ನಕ್ಕು, "ಹಾಂ, ತರಬಹುದು" ಎನ್ನುತ್ತಿದ್ದರು.

ಆದರೆ ಭಾಷೆ ಸಿಕ್ಕಿದ ಮಾತ್ರಕ್ಕೆ ಮಾತು ಸಿಗುತ್ತದೆಯೇ? "ಊಟ ಆಯ್ತಾ ಮಾವ?" "ಆಯ್ತು. ನಿಂದು?" "ಆಯ್ತು." ಮೊದಲ ವರ್ಷ ನಮ್ಮ ಸಂಭಾಷಣೆ ಇಷ್ಟರಲ್ಲೇ ಮುಗಿಯುತ್ತಿತ್ತು. ಅವರಿಗೂ ಮುಜುಗರ, ನನಗೂ ಮುಜುಗರ. ಮದುವೆಯ ಮೇಲೆ ನಾನು ಕೆಲಸ ಬಿಟ್ಟಿದ್ದೆ. ಬೋಪು ಆಫೀಸಿನಿಂದ ಬರುವವರೆಗೆ ನಾವಿಬ್ಬರೂ ಟಿ.ವಿ.ಯಲ್ಲಿ ನಮಗಿಬ್ಬರಿಗೂ ಬೇಡವಾದ ಕ್ರಿಕೆಟ್ಟನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆವು.

ಒಂದು ಭಾನುವಾರ ಬೆಳಿಗ್ಗೆ ಮೇಲಿನಿಂದ ಗದ್ದಲ ಕೇಳಿಸಿತು. ತಾರಸಿಗೆ ಓಡಿದರೆ ಮಾವ ಉದ್ದನೆಯ ತೆಳ್ಳಗಿನ ಗಾಳದ ಕೋಲು ಹಿಡಿದು ಅಪರಾಧಿಯಂತೆ ನಿಂತಿದ್ದಾರೆ. ಕೋಲಿನಿಂದ ಹೊರಟ ದಾರ ಗಾಳಿಯಲ್ಲಿ ತೇಲಿ, ಎದುರುಮನೆಯ ಮಲ್ಹೋತ್ರಾ ಆಂಟಿ ಒಣಗಲು ಹಾಕಿದ್ದ ಗುಲಾಬಿ ದುಪಟ್ಟಾದಲ್ಲಿ ಸೇರಿಕೊಂಡಿದೆ. ಆಂಟಿ ಸೊಂಟದ ಮೇಲೆ ಕೈಯಿಟ್ಟು, "ಅರೇ ಅಂಕಲ್‌ಜೀ, ಛತ್ ಪೇ ಮಛಲೀ ಪಕಡ್ ರಹೇ ಹೋ ಕ್ಯಾ?" ಎನ್ನುತ್ತಿದ್ದಾರೆ, ತಾರಸಿಯ ಮೇಲೆ ಮೀನು ಹಿಡಿಯುತ್ತಿದ್ದೀರಾ ಎಂದು. ನನಗೆ ನಗು ತಡೆಯಲಾಗಲಿಲ್ಲ. ಮಾವ ನನ್ನತ್ತ ತಿರುಗಿದವರು ಬೈಯುತ್ತಾರೆಂದುಕೊಂಡರೆ, ತಾವೂ ನಕ್ಕರು. ಅವರು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದುಪಟ್ಟಾ ಬಿಡಿಸಿಕೊಂಡು ಬರುವಷ್ಟರಲ್ಲಿ ಕತೆಯೆಲ್ಲ ಹೊರಬಿತ್ತು. ಹಿಮಾಚಲದಲ್ಲಿ ಕೆಲಸದ ಮೇಲಿದ್ದಾಗ ಅವರ ಕರ್ನಲ್ ಸಾಹೇಬರಿಗೆ ಟ್ರೌಟ್ ಹಿಡಿಯುವ ಹುಚ್ಚಂತೆ. ಜೊತೆಗೆ ಬುಟ್ಟಿ ಹೊರಲು ಹೋಗುತ್ತಿದ್ದ ಮಾವನಿಗೂ ಅದು ಅಂಟಿಕೊಂಡಿತು. ಬ್ರಿಟಿಷರು ತಮ್ಮ ಊರಿನ ನೆನಪಿಗೆಂದು ತಂದು ಬೆಟ್ಟದ ಹೊಳೆಗಳಲ್ಲಿ ಬಿಟ್ಟ ಕಂದು ಮೀನು ಅದು. ಮೈತುಂಬ ಕಪ್ಪು, ಕೆಂಪು ಚುಕ್ಕಿ. ತಣ್ಣಗೆ, ಶುಭ್ರವಾಗಿ, ಓಡುತ್ತಲೇ ಇರುವ ನೀರಲ್ಲದಿದ್ದರೆ ಬದುಕುವುದಿಲ್ಲ. "ಬಹಳ ಮಾನವಂತ ಮೀನು," ಎಂದರು ಮಾವ. "ನೆರಳು ಬಿದ್ದರೆ ಸಾಕು, ಹೊರಟುಹೋಗುತ್ತದೆ." ಅದಕ್ಕೆ ಎರೆಹುಳು ಹಾಕುವುದು ಅವರ ಪ್ರಕಾರ ಅವಮಾನ. ಗರಿ, ನೂಲು ಸುತ್ತಿ ಕಟ್ಟಿದ ಸುಳ್ಳು ನೊಣವನ್ನು, ಅಂದರೆ ಫ್ಲೈಯನ್ನು, ನಿಜವಾದ ನೊಣ ಕೂತಷ್ಟು ಹಗುರವಾಗಿ ನೀರಿನ ಮೇಲೆ ಕೂರಿಸಬೇಕು.

"ಆದರೆ ಹೊಳೆಗೆ ಹೋಗದೆ ಎಷ್ಟೋ ವರ್ಷವಾಯ್ತು," ಎಂದರು. "ಮಂಡಿ ನೋವು. ಕಲ್ಲಿನ ಮೇಲೆ ಒಬ್ಬನೇ ಇಳಿಯೋಕೆ ಧೈರ್ಯ ಇಲ್ಲ. ಬೋಪುಗೆ ಹೇಳಿದರೆ ಕೈಮುಗಿಯುತ್ತಾನೆ."

ಬೋಪುವನ್ನು ಕೇಳಿದರೆ ನಿಜವಾಗಿಯೂ ಕೈಮುಗಿದ. "ಚಿಕ್ಕವನಿದ್ದಾಗ ರಜಾ ಪೂರ್ತಿ ಕಲ್ಲಿನ ಮೇಲೆ ಮೂರ್ತಿ ಹಾಗೆ ಕೂರಿಸಿದ್ದಾರೆ. ಕೆಮ್ಮಿದರೂ ಬೈಗುಳ. ನೀನು ಹೋಗು, ನಿನಗೆ ಬುದ್ಧಿ ಬರುತ್ತೆ."

ಹಾಗೆ ನಾನು ಹೊರಟೆ. ಮೊದಲು ತಯಾರಿ. ಮಾವನ ಗಂಟಲು ಕಟ್ಟಿದ್ದರಿಂದ ಮಾರ್ಕೆಟ್ಟಿನ ಕೋಳಿ ಅಂಗಡಿಗೆ ಗರಿ ತರಲು ನನ್ನನ್ನೇ ಕಳಿಸಿದರು. ನಾನು ಮೂಗಿಗೆ ಸೆರಗು ಹಿಡಿದು, ಕಣ್ಣು ಅರ್ಧ ಮುಚ್ಚಿ, "ಭಯ್ಯಾ, ಕಂದು ಹುಂಜದ ಕತ್ತಿನ ಗರಿ ಬೇಕು. ಕೋಳಿ ಬೇಡ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಾಟ ಮಾಡಿಸುವ ಹೆಂಗಸೆಂದು ತೀರ್ಮಾನಿಸಿ, ಕಾಗದದಲ್ಲಿ ಕಟ್ಟಿಕೊಟ್ಟು ದುಡ್ಡೂ ತೆಗೆದುಕೊಳ್ಳಲಿಲ್ಲ. ಆಮೇಲೆ ಎಷ್ಟೋ ದಿನ ನಾನು ಆ ಕಡೆ ಹೋದರೆ ಅಂಗಡಿಯವನು ಒಳಗೆ ಸರಿಯುತ್ತಿದ್ದ.

ನಸುಕಿನಲ್ಲಿ ಟ್ಯಾಕ್ಸಿ ಹತ್ತಿ, ಚಂಡೀಗಢ, ಬಿಲಾಸ್‌ಪುರ, ಮಂಡಿ ದಾಟಿ, ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಬೆಟ್ಟದ ತಿರುವುಗಳಿಗೆ ಅರ್ಪಿಸಿ, ಸಂಜೆ ಹೊತ್ತಿಗೆ ಬಂಜಾರ್ ಮುಟ್ಟಿದೆವು. ಅಲ್ಲಿಂದ ಮೇಲೆ ತೀರ್ಥನ್ ಹೊಳೆ. ಪರವಾನಗಿ ಕೊಡುವಾಗ ಮೀನುಗಾರಿಕೆ ಇಲಾಖೆಯವರು ನನ್ನ ಹಣೆಯ ಕುಂಕುಮ, ಗದಗಿನಿಂದ ತಂದ ಇಳಕಲ್ ಸೆರಗು ನೋಡಿ, "ಮೇಡಂಗೂ ಬೇಕಾ?" ಎಂದು ಕೇಳಿದರು. "ಮೇಡಂಗೇ ಬೇಕು," ಎಂದರು ಮಾವ.

ಬೆಳಿಗ್ಗೆ ಹೊಳೆಯ ಮುಂದೆ ನಿಂತೆ. ನಳದ ನೀರು ಕಂಡವಳಿಗೆ ಅಷ್ಟು ನೀರು, ಯಾರೂ ಕೊಡ ಹಿಡಿಯದೆ, ತನ್ನಷ್ಟಕ್ಕೆ ತಾನು ಹಸಿರುಗಟ್ಟಿ ಬಿಳಿದಾಗಿ ಕೂಗುತ್ತ ಹೋಗುವುದನ್ನು ಕಂಡು ಅಳು ಬಂತು. ವ್ಯರ್ಥವಾಗುತ್ತಿದೆಯಲ್ಲ ಎಂದು ಅಳು ಬಂದಿತ್ತೆಂದರೆ ನೀವು ನಗಬಹುದು, ಆದರೆ ನಿಜ. ಮಾವ ನನ್ನ ಹಳದಿ ದುಪಟ್ಟಾ ತೆಗೆಸಿ, ತಮ್ಮ ಹಳೆಯ ಆಲಿವ್ ಬಣ್ಣದ ಸ್ವೆಟರ್ ತೊಡಿಸಿದರು. ಅದು ನನ್ನ ಮಂಡಿ ಮುಟ್ಟುತ್ತಿತ್ತು. ಆಮೇಲೆ ನಿಯಮ ಹೇಳಿದರು. ನೆರಳು ನೀರಿನ ಮೇಲೆ ಬೀಳಬಾರದು. ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಂತಿರುತ್ತದೆ, ಆದ್ದರಿಂದ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಬಂಡೆಯ ಮರೆಯ ನಿಂತ ನೀರನ್ನು ನೋಡಬೇಕು. ಮಾತಾಡಬಾರದು.

ಮಾತಾಡಬಾರದು ಎಂಬುದನ್ನು ಅವರು ಕೊನೆಯಲ್ಲಿ ಹೇಳಿದರು. ನಮ್ಮಿಬ್ಬರನ್ನೂ ಉಳಿಸಿದ್ದು ಅದೇ ನಿಯಮ. ಮನೆಯಲ್ಲಿ ಮೌನ ಎಂದರೆ ಏನೋ ಕೊರತೆ, ಇಲ್ಲಿ ಮೌನವೇ ಕೆಲಸ. ಒಂದು ಕೈಯಿಂದ ನನ್ನ ಭುಜ ಹಿಡಿದು ಅವರು ಬಂಡೆಯಿಂದ ಬಂಡೆಗೆ ಇಳಿಯುತ್ತಿದ್ದರು, ಇನ್ನೊಂದರಲ್ಲಿ ತೋರಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನಗೆ ಅವರ ಬೆರಳಿನ ಭಾಷೆ ಪೂರ್ತಿ ಬಂದಿತ್ತು.

ಗಾಳ ಹಾಕುವುದು ಮಾತ್ರ ಬಂದಿರಲಿಲ್ಲ. ನಾನು ಹಿಡಿದವುಗಳು: ಒಂದು ಪೈನ್ ಮರ, ಎರಡು ಬಂಡೆ, ನನ್ನದೇ ಜಡೆ. ಮಾವನಿಗೆ ಮಾತ್ರ ಒಂದು ದೊಡ್ಡದು ಸಿಕ್ಕಿತ್ತು. ಕೋಲು ಬಿಲ್ಲಾಗಿ ಬಾಗಿತು, ಮೀನು ಒಮ್ಮೆ ನೀರಿನಿಂದ ಮೇಲೆ ಹಾರಿ ತಾಮ್ರದ ತಂಬಿಗೆಯಂತೆ ಹೊಳೆಯಿತು, ದಾರ ಸಡಿಲಾಯಿತು. "ಪೋಚಿ!" ಎಂದರು ಮಾವ.

ಅದು ಬೈಗುಳವಿರಬೇಕೆಂದು ನಾನು ಬೇರೆ ಕಡೆ ನೋಡಿದೆ.

"ಹೋಯ್ತು ಅಂತ," ಎಂದು ಅರ್ಥ ಹೇಳಿದರು, ಸ್ವಲ್ಪ ನಾಚಿ. "ನಮ್ಮ ಮಾತು. ಬಾಯಿ ತಪ್ಪಿ ಬಂತು."

"ನನಗೂ ಕಲಿಸಿ ಮಾವ, ನಿಮ್ಮ ಮಾತು."

"ಕಲಿಸೋಣ. ಮೊದಲು ಮೀನು ಹಿಡಿಯೋದು ಕಲಿ. ಒಟ್ಟಿಗೆ ಎರಡು ಕಲಿತರೆ ಎರಡೂ ಕೆಡುತ್ತೆ."

ನನಗದು ಸರಿಯೆನ್ನಿಸಿತು. ಅವಸರವೇನಿತ್ತು? ಮನೆಯಲ್ಲೇ ಇರುವವರು, ದಿನಾ ಎದುರಿಗೆ ಕೂರುವವರು. ಯಾವತ್ತು ಬೇಕಾದರೂ ಕಲಿಯಬಹುದಿತ್ತು.

ನನ್ನ ಮೊದಲ ಟ್ರೌಟ್ ಸಿಕ್ಕಿದ್ದು ಮರುವರ್ಷದ ವಸಂತದಲ್ಲಿ. ನಾನೇ ಕಟ್ಟಿದ ಫ್ಲೈಗೆ. ಗೇಣಿಗಿಂತ ಸ್ವಲ್ಪ ಉದ್ದ, ಅಷ್ಟೇ. ದಾರದಲ್ಲಿ ಜೀವ ಬಂದದ್ದು ಮಣಿಕಟ್ಟಿನಿಂದ ಎದೆಗೆ ಹರಿದಾಗ ನಾನು ನಿಯಮ ಮರೆತು, "ಮಾವಾರಾ! ಬಂತ್ರೀ! ಬಂತು!" ಎಂದು ಇಡೀ ಕಣಿವೆಗೆ ಕೇಳುವಂತೆ ಕಿರುಚಿದೆ. ಬಲೆಯಲ್ಲಿ ಅದನ್ನು ಹತ್ತಿರದಿಂದ ಕಂಡೆ. ಬೆಣ್ಣೆ ಬಣ್ಣದ ಹೊಟ್ಟೆ, ಪಕ್ಕದಲ್ಲಿ ಕುಂಕುಮದ ಬೊಟ್ಟಿಟ್ಟ ಹಾಗೆ ಕೆಂಪು ಚುಕ್ಕಿಗಳು, ಪ್ರತಿಯೊಂದರ ಸುತ್ತ ತಿಳಿಯಾದ ಉಂಗುರ. ಹಾಗೇ ಅತ್ತುಬಿಟ್ಟೆ. ಮಾವ ಕೊಕ್ಕೆ ಬಿಡಿಸಿ, ಮೀನನ್ನು ನೀರಲ್ಲಿ ಹರಿವಿಗೆ ಎದುರಾಗಿ ಹಿಡಿದು, ಅದರ ಉಸಿರು ನೆಟ್ಟಗಾಗುವವರೆಗೆ ಕಾದು, ಕೈ ಬಿಟ್ಟರು. "ನಿನ್ನವೆಲ್ಲ ವಾಪಸ್ಸು. ನನ್ನದೊಂದು ಮಾತ್ರ ಬಾಣಲೆಗೆ. ಒಪ್ಪಿಗೆಯಾ?" ಒಪ್ಪಿದೆ. ಅವತ್ತು ಅವರ ಪಾಲಿನದನ್ನು ಹುರಿದವಳೂ ನಾನೇ, ಉಸಿರು ಹಿಡಿದುಕೊಂಡು. ಅವರು ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ, ತಂದಿದ್ದರು. ಎರಡು ಹನಿ ಅದನ್ನು ಹಾಕಿ, ಮುಳ್ಳು ಬಿಡಿಸಿ ತಿಂದು, "ನಿಮ್ಮ ಅವ್ವನಿಗೆ ಹೇಳಬೇಡ," ಎಂದರು.

ಆಮೇಲೆ ವರ್ಷಕ್ಕೆ ಎರಡು ಸಲವಾದರೂ ಹೋಗುತ್ತಿದ್ದೆವು. ಚಳಿಗಾಲದಲ್ಲಿ ಮೀನು ಮೊಟ್ಟೆಯಿಡುವ ಹೊತ್ತು, ಹೊಳೆ ಮುಚ್ಚಿರುತ್ತದೆ. ಆಗ ನಾವಿಬ್ಬರೂ ಬಾಲ್ಕನಿಯ ಬಿಸಿಲಲ್ಲಿ ಕೂತು ಮುಂದಿನ ವಸಂತಕ್ಕೆ ಫ್ಲೈ ಕಟ್ಟುತ್ತಿದ್ದೆವು. ನನ್ನ ಹಳೆಯ ಸ್ವೆಟರಿನ ಉಣ್ಣೆ, ಬೋಪುವಿನ ಟೈಯಿಂದ ಕದ್ದ ರೇಷ್ಮೆ ಎಳೆ, ಮಲ್ಹೋತ್ರಾ ಆಂಟಿಯ ಬೆಕ್ಕಿನ ಬಾಲದ ಕೂದಲು. ಈಗ ನಮ್ಮ ಬಳಿ ಮಾತಿಗೆ ಬರವಿರಲಿಲ್ಲ. ಅವರು ಯುದ್ಧದ ಸುದ್ದಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅತ್ತೆಯ ಬಗ್ಗೆ ಹೇಳಿದರು. ಹೆಂಡತಿಗೆ ಹೊಳೆ ಎಂದರೆ ಹೆದರಿಕೆಯಿತ್ತಂತೆ. ಗಂಡ ಮೀನು ಹಿಡಿಯುವಾಗ ದಡದಲ್ಲಿ ಬೆನ್ನು ತಿರುಗಿಸಿ ಕೂತು ಸ್ವೆಟರ್ ಹೆಣೆಯುತ್ತಿದ್ದಳಂತೆ. "ನೀನು ಹಾಕಿಕೊಳ್ಳುತ್ತೀಯಲ್ಲ, ಅದೇ," ಎಂದರು. ನಾನು ಅದನ್ನು ಸೈನ್ಯದ ಸ್ವೆಟರ್ ಎಂದುಕೊಂಡಿದ್ದೆ.

ಅಂಥದೇ ಒಂದು ಫೆಬ್ರವರಿ ಬೆಳಿಗ್ಗೆ ನಾನು ಚಹಾ ತಂದಾಗ ಅವರ ಕೈಯಲ್ಲಿದ್ದ ಫ್ಲೈ ನೆಲಕ್ಕೆ ಬಿದ್ದಿತ್ತು. ಎತ್ತಿ ಕೊಡಲು ಬಗ್ಗಿದೆ. ತಲೆಯೆತ್ತಿ ನೋಡಿದರೆ ಮೀಸೆಯ ಒಂದು ಬದಿ ಕೆಳಗಿಳಿದಿತ್ತು.

ಆಸ್ಪತ್ರೆಯ ದಿನಗಳನ್ನು ಬಿಡೋಣ. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಡಾಕ್ಟರು, ಕಾಲಿಗೆ ಸ್ವಲ್ಪ ಬಲ ಬರಬಹುದು, ಮಾತಿನ ಬಗ್ಗೆ ಕಾದು ನೋಡೋಣ ಎಂದರು. ಮನೆಗೆ ಕರೆತಂದ ಮೇಲೆ ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ಅವರು ತಟ್ಟನೆ ಏನೋ ಹೇಳಿದರು. ನಾನು ಬಟ್ಟಲು ಇಟ್ಟು ಓಡಿ ಬೋಪುವಿಗೆ ಫೋನು ಮಾಡಿದೆ. "ಮಾತಾಡಿದ್ರು! ಪಪ್ಪಾ ಮಾತಾಡಿದ್ರು!"

"ಏನಂದ್ರು?"

ಆಗಲೇ ನನಗೆ ಹೊಳೆದದ್ದು. ಅವರು ಹೇಳಿದ್ದು ಕೊಡವ ಮಾತಿನಲ್ಲಿ.

ಮಾತು ದಿನದಿನಕ್ಕೆ ಹೆಚ್ಚಿತು. ಆದರೆ ಕನ್ನಡ ಬರಲಿಲ್ಲ, ಹಿಂದಿ ಬರಲಿಲ್ಲ, ಪಲ್ಟನ್ನಿನ ಇಂಗ್ಲಿಷೂ ಬರಲಿಲ್ಲ. ಆಮೇಲೆ ಕಲಿತದ್ದೆಲ್ಲ ಅಳಿಸಿಹೋಗಿ ತಾಯಿಯ ಮಡಿಲಲ್ಲಿ ಕಲಿತದ್ದಷ್ಟೇ ಉಳಿಯುವುದು ಕೆಲವರಲ್ಲಿ ಉಂಟು ಎಂದರು ಡಾಕ್ಟರು. ನಾವು ಹೇಳುವುದು ಅವರಿಗೆ ಒಂದಿಷ್ಟು ತಿಳಿಯುತ್ತಿದೆ ಎಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಅವರು ಹೇಳುವುದು ಮಾತ್ರ ನಮಗೆ ತಿಳಿಯುತ್ತಿರಲಿಲ್ಲ. ಏಳು ವರ್ಷಕ್ಕೇ ಹಾಸ್ಟೆಲ್ಲಿಗೆ ಹೋದ ಬೋಪುವಿಗೆ ನೀರು, ಅನ್ನ, ಬಾ, ಹೋಗು, ಚಳಿ ಇಷ್ಟು ಗೊತ್ತಿತ್ತು, ಉಳಿದದ್ದನ್ನು ಅವನು ಮೊದಲಿನಿಂದಲೂ ಊಹಿಸಿಯೇ ಉತ್ತರಿಸುತ್ತಿದ್ದನಂತೆ. ನನಗೆ ಗೊತ್ತಿದ್ದ ಒಂದೇ ಪದ ಅವರ ಮಾತಿನಲ್ಲಿ ಬರಲೇ ಇಲ್ಲ.

ಏನೆಲ್ಲ ಮಾಡಿದೆವು. ವಿರಾಜಪೇಟೆಯಲ್ಲಿದ್ದ ಅವರ ತಂಗಿ ಚೋಂದಮ್ಮ ಅತ್ತೆಗೆ ಫೋನು ಹಚ್ಚಿ ಮಾವನ ಕಿವಿಗಿಟ್ಟೆವು. ಮಾವನಿಗೆ ಮೊದಲಿನಿಂದಲೂ ಫೋನು ಎಂದರೆ ಅಲರ್ಜಿ. ತಂಗಿಯ ದನಿ ಕೇಳಿ ಕಣ್ಣು ತುಂಬಿಕೊಂಡರೇ ಹೊರತು ಬಾಯಿ ಬಿಡಲಿಲ್ಲ. ರೆಕಾರ್ಡ್ ಮಾಡಲೆಂದು ಫೋನು ಮುಂದೆ ಹಿಡಿದರೂ ಹಾಗೇ. ಕರೋಲ್ ಬಾಗ್‌ನಲ್ಲಿದ್ದ ಒಬ್ಬ ಕೊಡವ ಹೆಂಗಸನ್ನು ಮನೆಗೆ ಕರೆಸಿದೆವು. ಪರಸ್ಥಳದ ಹೆಂಗಸು ಬಂದರೆಂದು ಮಾವ ಎಡಗೈಯಲ್ಲೇ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತರು. ಬಹಳ ವಿನಯದಿಂದ ಎರಡು ಮಾತಾಡಿದರು. ನಾನು ಕಾತರದಿಂದ, "ಏನಂತೆ?" ಎಂದೆ. "ಊಟ ಮಾಡಿಕೊಂಡು ಹೋಗಬೇಕಂತೆ," ಎಂದರು ಆಕೆ.

ಆದರೆ ನಾನೊಬ್ಬಳೇ ಇದ್ದಾಗ ಅವರು ಮಾತಾಡುತ್ತಿದ್ದರು. ಧಾರಾಳವಾಗಿ, ಒಮ್ಮೊಮ್ಮೆ ನಗುತ್ತ. ನನಗೆ ತಿಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತೋ, ತಾವು ಕನ್ನಡದಲ್ಲೇ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದರೋ. ನಾನು ಸಿಕ್ಕಲ್ಲಿ ಹೂಂಗುಟ್ಟುತ್ತಿದ್ದೆ. ನನ್ನ ಸಲುವಾಗಿ ಒಂದು ಮನೆಯಿಂದ ಹೊರಗೆ ಹೋಗಿದ್ದ ಭಾಷೆ ಈಗ ನನ್ನೆದುರಿಗೇ ಬಂದು ಕೂತಿತ್ತು, ನಾನು ಅದಕ್ಕೆ ಚಹಾ ಕೊಡುತ್ತಿದ್ದೆ.

ಏಪ್ರಿಲ್ ಕೊನೆಗೆ ಹೊಳೆಗೆ ಕರೆದುಕೊಂಡು ಹೋಗೋಣ ಎಂದವನು ಬೋಪು. ಡಾಕ್ಟರು ಹಿಂದೆಮುಂದೆ ನೋಡಿ ಒಪ್ಪಿದರು. ನಿಧಾನವಾಗಿ, ದಾರಿಯಲ್ಲಿ ತಂಗಿ ಹೋದೆವು. ಕಾರು ನಿಲ್ಲುವ ಜಾಗದಿಂದ ಇಬ್ಬರೂ ಹೆಗಲು ಕೊಟ್ಟು ದಡಕ್ಕೆ ಇಳಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಕೋಲನ್ನು ಅವರ ಎಡಗೈಗೆ ಕೊಟ್ಟೆ. ಒಂದು ಸಲ ಹಿಡಿದು ನೋಡಿ, ತಿರುಗಿ ನನಗೇ ಕೊಟ್ಟರು. ಗಾಳಿ ತಣ್ಣಗಿತ್ತು. ಬೋಪು ಕಂಬಳಿ, ಫ್ಲಾಸ್ಕು ತರಲು ಮೇಲೆ ಕಾರಿನತ್ತ ಹೋದ.

ನಾನು ಗಾಳ ಹಾಕಿದೆ. ಮಾವ ಏನೋ ಕೂಗಿ ಎಡಗೈ ಬೀಸಿದರು. ಎಡಕ್ಕಾ ಎಂದು ಎಡಕ್ಕೆ ಹಾಕಿದೆ. ತೊಡೆಗೆ ಬಡಿದುಕೊಂಡರು. ಮೇಲಕ್ಕಾ? ಮತ್ತೆ ಬಡಿದುಕೊಂಡರು. ಅವರ ಬಲಗೈಯ ಬೆರಳುಗಳಲ್ಲಿದ್ದ ನಮ್ಮ ಹಳೆಯ ಸನ್ನೆಗಳು ಎಡಗೈಗೆ ಬಂದಿರಲಿಲ್ಲ. ನಾನು ಹೊಳೆಯ ಎಲ್ಲ ದಿಕ್ಕಿಗೂ ಒಂದೊಂದು ಸಲ ಹಾಕಿ, ಸೋತು, ಕೊನೆಗೆ ನನಗೆ ತೋಚಿದ ಒಂದು ಬೂದು ಬಂಡೆಯ ಮಗ್ಗುಲಿಗೆ ಹಾಕಿದೆ. ಫ್ಲೈ ಕೂತಿತು. ಅರೆಕ್ಷಣ ತೇಲಿತು. ನೀರಿನಲ್ಲಿ ಒಂದು ಗುಳಿ ಬಿದ್ದು ಮುಚ್ಚಿತು.

ನನಗೆ ಅದುವರೆಗೆ ಸಿಕ್ಕವುಗಳಲ್ಲೆಲ್ಲ ದೊಡ್ಡದು ಅದು. ಹೇಗೋ ದಡಕ್ಕೆ ತಂದೆ. ಬಲೆಯನ್ನು ಬಕೆಟ್ಟಿನ ನೀರಿಗಿಳಿಸಿ ಮಾವನ ಕಾಲಬಳಿ ಇಟ್ಟೆ. ಒಣಗೈಯಲ್ಲಿ ಮುಟ್ಟಿದರೆ ಮೀನಿನ ಮೈ ಸುಡುತ್ತದೆ. ಅವರು ಎಡಗೈಯನ್ನು ಮೊದಲು ನೀರಲ್ಲಿ ನೆನೆಸಿ, ಆಮೇಲೆ ಅದರ ಹೊಟ್ಟೆಯ ಕೆಳಗೆ ಅಂಗೈ ಇಟ್ಟರು. ಮೀನು ಸುಮ್ಮನೆ ನಿಂತಿತು. ಮಾವ ಮಾತಾಡತೊಡಗಿದರು. ಮೀನನ್ನು ನೋಡುತ್ತ ಶುರುಮಾಡಿ, ಹೊಳೆ ನೋಡಿ, ಆಮೇಲೆ ನನ್ನ ಮುಖ ನೋಡುತ್ತ. ಗಲಿಬಿಲಿಯಿಲ್ಲ, ತಡವರಿಕೆಯಿಲ್ಲ. ಕಾಯಿಲೆ ಬಿದ್ದ ಮೇಲೆ ಒಮ್ಮೆಗೇ ಅಷ್ಟು ಮಾತು ಅವರು ಆಡಿರಲಿಲ್ಲ. ಒಂದು ಕಡೆ ನಕ್ಕರು. ಒಂದು ಕಡೆ ದನಿ ತಗ್ಗಿತು. ನಾನು ಮಂಡಿಯೂರಿ ಕೂತು, ಎಂದೂ ಯಾರ ಮಾತನ್ನೂ ಕೇಳದಷ್ಟು ಗಮನವಿಟ್ಟು ಕೇಳಿದೆ.

ಕೊನೆಯ ಮಾತು ಪ್ರಶ್ನೆಯಾಗಿತ್ತು. ಭಾಷೆ ಬಾರದಿದ್ದರೂ ಪ್ರಶ್ನೆ ಗೊತ್ತಾಗುತ್ತದೆ. ಅವರು ಕೇಳಿ, ನಿಲ್ಲಿಸಿ, ನನ್ನನ್ನೇ ನೋಡುತ್ತ ಕಾದರು.

ನಾನು ಮೇಲೆ ನೋಡಿದೆ. ಬೋಪು ಇನ್ನೂ ಕಾಣಿಸಲಿಲ್ಲ.

"ಹೂಂ ಮಾವ," ಎಂದೆ.

ಅವರು ಮತ್ತೆ ಕೇಳಿದರು, ಈ ಸಲ ಚಿಕ್ಕದಾಗಿ, ನಿಜವೇನು ಎಂಬಂತೆ.

"ಹೂಂ."

ಅವರ ಮುಖ ಸಡಿಲವಾಯಿತು. ಒದ್ದೆ ಕೈಯನ್ನು ನನ್ನ ತಲೆಯ ಮೇಲಿಟ್ಟರು. ನೀರು ಹಣೆಯಿಂದ ಇಳಿದು ಬಂತು. ನಾನು ಬಕೆಟ್ಟು ಎತ್ತಿ, ಮೀನನ್ನು ಹೊಳೆಗೆ ಬಿಟ್ಟು ಬಂದೆ. ಬೋಪು ಫ್ಲಾಸ್ಕು ಹಿಡಿದು ಇಳಿದು ಬರುವಷ್ಟರಲ್ಲಿ ಮಾವ ಕಣ್ಣು ಮುಚ್ಚಿ ಬಿಸಿಲಿಗೆ ಮುಖವೊಡ್ಡಿದ್ದರು.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರು ಏಳಲಿಲ್ಲ.

ಚೋಂದಮ್ಮ ಅತ್ತೆ ಕೊಡಗಿನಿಂದ ಬಂದರು. ದುಃಖ ಸ್ವಲ್ಪ ತಣಿದ ಮೇಲೆ ನಾನು ಅವರನ್ನು ಅಡುಗೆಮನೆಗೆ ಕರೆದು, ಹೊಳೆದಂಡೆಯಲ್ಲಿ ಕೇಳಿದ ಆ ಕೊನೆಯ ಪ್ರಶ್ನೆಯನ್ನು ಹೇಳಿ ತೋರಿಸಿದೆ. ಮರೆಯಬಾರದೆಂದು ಇಷ್ಟು ದಿನ ಮನಸ್ಸಿನಲ್ಲೇ ಅದನ್ನು ಉರುಹೊಡೆದಿದ್ದೆ. ಅತ್ತೆ ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಬಗ್ಗಿ, ಕಿವಿಗೊಟ್ಟು, ಮತ್ತೊಮ್ಮೆ ಹೇಳಿಸಿದರು. ಕೊನೆಗೆ ನನ್ನ ಕೈ ಹಿಡಿದುಕೊಂಡು, "ಇದು ನಮ್ಮ ಮಾತೂ ಅಲ್ಲ ಮಗಳೇ, ಕನ್ನಡವೂ ಅಲ್ಲ," ಎಂದರು. ಹೇಳಿ ಹೇಳಿ ನಾನೇ ಅದನ್ನು ಸವೆಸಿಬಿಟ್ಟಿದ್ದೆ.

ಆಮೇಲೆ ಅವರ ಬಳಿಯೇ ಫೋನಿನಲ್ಲಿ ಕೊಡವ ಮಾತು ಕಲಿಯಲು ಹಿಡಿದೆ. ಈಗ ಒಂದಿಷ್ಟು ಬರುತ್ತದೆ. ಅತ್ತೆ ನನ್ನ ಉಚ್ಚಾರಕ್ಕೆ ನಗುತ್ತಾರೆ, ಆದರೆ ಅರ್ಥಮಾಡಿಕೊಳ್ಳುತ್ತಾರೆ.

ಅದೆಲ್ಲ ಆಮೇಲಿನ ಮಾತು. ಅತ್ತೆ ಇನ್ನೂ ಮನೆಯಲ್ಲಿದ್ದ ಆ ದಿನಗಳಲ್ಲೇ, ಅಸ್ಥಿಯನ್ನು ಕಾವೇರಿಗೆ ಒಯ್ಯುವುದೋ, ತೀರ್ಥನ್‌ನಲ್ಲೇ ಬಿಡುವುದೋ ಎಂಬ ಮಾತು ಬಂದಿತ್ತು. ಹಿರಿಯರು ಅವರವರ ಅಭಿಪ್ರಾಯ ಹೇಳಿದರು. ಬೋಪು ಎಲ್ಲವನ್ನೂ ಕೇಳಿಸಿಕೊಂಡು, ನನ್ನತ್ತ ತಿರುಗಿದ.

"ಪಪ್ಪಾ ನಿನ್ನ ಹತ್ತಿರ ಮಾತಾಡ್ತಾ ಇದ್ರಲ್ಲ. ಏನಾದ್ರೂ ಹೇಳಿದ್ರಾ?"

"ಹೇಳಿದ್ರು," ಎಂದೆ.

ಕೋಣೆಯಲ್ಲಿದ್ದವರೆಲ್ಲ ನನ್ನ ಮುಂದಿನ ಮಾತಿಗೆ ಕಾದರು. ಮಾವ ಕೇಳಿದ್ದೇನೆಂದು ನನಗೆ ಗೊತ್ತಿರಲಿಲ್ಲ, ಎರಡು ಸಲ ಹೂಂ ಎಂದಿದ್ದು ಮಾತ್ರ ಗೊತ್ತಿತ್ತು.